ಎಂಸಿಎಫ್ ಷೇರು ಹೋದದ್ದೆಲ್ಲಿಗೆ? ಪಣಂಬೂರು, ಭುವನೇಶ್ವರ, ಕಾಸಾಬ್ಲಾಂಕಾ ನಡುವಿನ ಕುರ್ಚಿಗಳ ನಂಟು

ದಕ್ಷಿಣ ಕನ್ನಡ, ಉಡುಪಿಯ ಅನೇಕ ಮನೆಗಳ ಡಿಮ್ಯಾಟ್ ಖಾತೆಯಿಂದ 2025ರ ಕೊನೆಯ ಹೊತ್ತಿಗೆ ಒಂದು ಹಳೆಯ ಹೆಸರು ಮಾಯವಾಯಿತು. ಮಂಗಳೂರು ಕೆಮಿಕಲ್ಸ್ ಆ್ಯಂಡ್ ಫರ್ಟಿಲೈಸರ್ಸ್, ಊರವರ ಬಾಯಲ್ಲಿ ಎಂಸಿಎಫ್. ಆ ಜಾಗದಲ್ಲಿ ಒಡಿಶಾದ ಗೊಬ್ಬರ ಕಂಪನಿ ಪಾರಾದೀಪ್ ಫಾಸ್ಫೇಟ್ಸ್‌ನ ಹೆಸರು ಬಂದು ಕೂತಿತು. ಪ್ರತಿ 100 ಎಂಸಿಎಫ್ ಷೇರಿಗೆ 187 ಪಾರಾದೀಪ್ ಷೇರು ಎಂಬ ಲೆಕ್ಕದಲ್ಲಿ ಎರಡು ಕಂಪನಿಗಳು ಒಂದಾದವು. ಪಣಂಬೂರಿನ ಕಾರ್ಖಾನೆ ಇದ್ದಲ್ಲೇ ಇದೆ, ಯೂರಿಯಾ ಚೀಲವೂ ಬರುತ್ತಿದೆ. ಹಾಗಾದರೆ ಬದಲಾದದ್ದೇನು? ಕಂಪನಿಯನ್ನು ಮಾರಿದರೇ? ಒಡಿಶಾದವರು ಕೊಂಡರೇ? ಮೊರಾಕ್ಕೊದವರು ಬಂದರೇ?

ಈ ಯಾವ ಪ್ರಶ್ನೆಗೂ ಹೌದು ಅಥವಾ ಇಲ್ಲ ಎಂಬ ಒಂದೇ ಪದದ ಉತ್ತರ ಸಾಲದು. ಇಲ್ಲಿ ಕೈ ಬದಲಾದದ್ದು ಯಂತ್ರವಲ್ಲ, ಜಮೀನೂ ಅಲ್ಲ. ನಿರ್ಧಾರ ಮಾಡುವ ಮೇಜು ಬದಲಾಯಿತು. ಆ ಮೇಜಿನ ಸುತ್ತ ಕೂರುವವರು ಇನ್ನೂ ಯಾವ ಯಾವ ಮೇಜುಗಳಲ್ಲಿ ಕೂರುತ್ತಾರೆ ಎಂದು ತಿಳಿದರೆ ಮಾತ್ರ ಈ ಸುದ್ದಿ ಅರ್ಥವಾಗುತ್ತದೆ.

ಮೊದಲು ಷೇರಿನ ಲೆಕ್ಕ

ನಿಮ್ಮಲ್ಲಿ 100 ಎಂಸಿಎಫ್ ಷೇರು ಇದ್ದರೆ 187 ಪಾರಾದೀಪ್ ಷೇರು ಸಿಗುತ್ತದೆ. 50 ಇದ್ದರೆ ಲೆಕ್ಕ 93.5ಕ್ಕೆ ನಿಲ್ಲುತ್ತದೆ. ಅರ್ಧ ಷೇರು ಡಿಮ್ಯಾಟ್‌ಗೆ ಬರುವುದಿಲ್ಲ, ಅದನ್ನು ವಿಲೀನದ ಸ್ಕೀಮ್‌ನಲ್ಲಿ ಬರೆದ ಪ್ರಕಾರ ಇತ್ಯರ್ಥ ಮಾಡುತ್ತಾರೆ. ಕಾನೂನಿನಂತೆ ನಡೆದ ವಿಲೀನದಲ್ಲಿ ಷೇರಿಗೆ ಷೇರು ಸಿಕ್ಕಿದಾಗ ಆ ಹೊತ್ತಿಗೆ ಬಂಡವಾಳ ಲಾಭದ ತೆರಿಗೆ ಬೀಳದು. ಮುಂದೆ ಮಾರುವಾಗ ಹಳೆಯ ಕೊಂಡ ಬೆಲೆಯನ್ನೇ ಹೊಸ ಷೇರುಗಳಿಗೆ ಹಂಚಬೇಕು. ಒಂದಕ್ಕೆ 50 ರೂಪಾಯಿಯಂತೆ 100 ಷೇರಿಗೆ ಕೊಟ್ಟ 5,000 ರೂಪಾಯಿಯನ್ನು 187ರಿಂದ ಭಾಗಿಸಿದರೆ ಹೊಸ ಷೇರಿನ ಬೆಲೆ ಸುಮಾರು 26.74 ರೂಪಾಯಿ. ಇಟ್ಟುಕೊಂಡ ಅವಧಿಯನ್ನೂ ಹಳೆಯ ಖರೀದಿ ದಿನದಿಂದಲೇ ಎಣಿಸಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ: ಬ್ರೋಕರ್ ಆ್ಯಪ್ ಹೊಸ ಷೇರಿನ ಕೊಂಡ ಬೆಲೆಯನ್ನು ಕೆಲವೊಮ್ಮೆ ಸೊನ್ನೆ ಎಂದೋ ವಿಲೀನದ ದಿನದ ಬೆಲೆ ಎಂದೋ ತೋರಿಸುತ್ತದೆ. ಹಳೆಯ ಕಾಂಟ್ರಾಕ್ಟ್ ನೋಟ್ ಎಸೆಯಬೇಡಿ. ಅಜ್ಜನ ಕಾಲದ ಕಾಗದದ ಷೇರು ಸರ್ಟಿಫಿಕೇಟ್ ಪೆಟ್ಟಿಗೆಯಲ್ಲಿದ್ದರೆ ರಿಜಿಸ್ಟ್ರಾರ್ ಬಳಿ ಕೆವೈಸಿ ಮುಗಿಸಿ ಡಿಮ್ಯಾಟ್‌ಗೆ ಹಾಕಿಸಿಕೊಳ್ಳಬೇಕು. ಹೊಸ ಷೇರುಗಳು ಈಗ ಕಾಗದದಲ್ಲಿ ಬರುವುದಿಲ್ಲ.

ಒಡೆತನದ ಸರಪಳಿ

ಎಂಸಿಎಫ್ 1966ರಲ್ಲಿ ನೋಂದಣಿಯಾದ ಕಂಪನಿ. ಕರ್ನಾಟಕದಲ್ಲಿ ಯೂರಿಯಾ ತಯಾರಿಸುವ ಒಂದೇ ಕಾರ್ಖಾನೆ ಪಣಂಬೂರಿನದು, ವರ್ಷಕ್ಕೆ ಸುಮಾರು 3.8 ಲಕ್ಷ ಟನ್ ಸಾಮರ್ಥ್ಯ. ಬಹುಕಾಲ ಇದು ವಿಜಯ್ ಮಲ್ಯ ಅವರ ಯುಬಿ ಸಮೂಹದ ಹಿಡಿತದಲ್ಲಿತ್ತು. 2013ರಿಂದ ದೀಪಕ್ ಫರ್ಟಿಲೈಸರ್ಸ್ ಮತ್ತು ಜುವಾರಿ ಸಮೂಹದ ನಡುವೆ ಇದಕ್ಕಾಗಿ ಪೈಪೋಟಿ ನಡೆದು, 2015ರಲ್ಲಿ ಜುವಾರಿ ಗೆದ್ದಿತು. ವಿಲೀನದ ಮಾತು ಬಂದಾಗ ಎಂಸಿಎಫ್‌ನ ಸುಮಾರು ಶೇ 54ರಷ್ಟು ಷೇರು ಜುವಾರಿ ಅಗ್ರೊ ಕೆಮಿಕಲ್ಸ್ ಕೈಯಲ್ಲಿತ್ತು.

ಇನ್ನೊಂದು ಬದಿಯಲ್ಲಿ ಪಾರಾದೀಪ್ ಫಾಸ್ಫೇಟ್ಸ್. ಇದು ಕೇಂದ್ರ ಸರಕಾರದ ಕಂಪನಿಯಾಗಿತ್ತು. 2002ರಲ್ಲಿ ಇದರ ಶೇ 74ರಷ್ಟನ್ನು ಜುವಾರಿ ಮಾರೋಕ್ ಫಾಸ್ಫೇಟ್ಸ್ ಎಂಬ ಕಂಪನಿ ಕೊಂಡಿತು. ಸರಕಾರದ ಬಳಿ ಉಳಿದಿದ್ದ ಶೇ 19.55 ಪಾಲು 2022ರ ಮೇ ತಿಂಗಳ ಐಪಿಒದಲ್ಲಿ ಮಾರಾಟವಾಯಿತು. ಹೆಸರೇ ಹೇಳುವಂತೆ ಜುವಾರಿ ಮಾರೋಕ್‌ನಲ್ಲಿ ಇಬ್ಬರು ಸಮಪಾಲುದಾರರು: ಅರ್ಧ ಜುವಾರಿ ಅಗ್ರೊ, ಇನ್ನರ್ಧ ಮೊರಾಕ್ಕೊದ ಒಸಿಪಿ. ಒಸಿಪಿ ಹೆಚ್ಚುಕಡಿಮೆ ಪೂರ್ತಿ ಮೊರಾಕ್ಕೊ ಸರಕಾರದ್ದೇ, ಕೇಂದ್ರ ಕಚೇರಿ ಕಾಸಾಬ್ಲಾಂಕಾದಲ್ಲಿದೆ. ಜಗತ್ತಿನ ಫಾಸ್ಫೇಟ್ ಶಿಲಾ ನಿಕ್ಷೇಪದಲ್ಲಿ ಸುಮಾರು ಶೇ 70ರಷ್ಟು ಮೊರಾಕ್ಕೊದ ಹಿಡಿತದಲ್ಲಿದೆ ಎಂಬುದು ನೆನಪಿರಲಿ. ಡಿಎಪಿ ಗೊಬ್ಬರ ಮಾಡಲು ಆ ಶಿಲೆಯೋ ಅದರಿಂದ ತೆಗೆದ ಫಾಸ್ಫಾರಿಕ್ ಆ್ಯಸಿಡ್ಡೋ ಬೇಕೇ ಬೇಕು.

ಅಂದರೆ ಒಡಿಶಾದವರು ಬಂದು ಮಂಗಳೂರನ್ನು ಕೊಂಡರು ಎಂಬುದು ಸರಿಯಲ್ಲ. ಎಂಸಿಎಫ್‌ನಲ್ಲೂ ಜುವಾರಿ, ಪಾರಾದೀಪ್‌ನಲ್ಲೂ ಜುವಾರಿ. ಒಂದೇ ಮನೆಯ ಎರಡು ಗದ್ದೆಗಳ ನಡುವಿನ ಕಟ್ಟಹುಣಿ ತೆಗೆದಂತೆ ಇದು. ಎರಡನೇ ಗದ್ದೆಯಲ್ಲಿ ಹೊರಗಿನ ಪಾಲುದಾರನಿದ್ದಾನೆ, ಮೊದಲನೆಯದರಲ್ಲಿ ಸಾವಿರಾರು ಸಣ್ಣ ಪಾಲುದಾರರಿದ್ದರು. ತೊಡಕಿರುವುದು ಇಲ್ಲಿ.

ಒಂದೇ ಮುಖ, ಎರಡು ಮೇಜು

ಒಬ್ಬ ವ್ಯಕ್ತಿ ಎರಡು ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಕೂತರೆ ಆ ಎರಡು ಕಂಪನಿಗಳ ನಡುವೆ ಒಂದು ಕೊಂಡಿ ಬೀಳುತ್ತದೆ. ನಾಲ್ಕು ಬೋರ್ಡುಗಳಲ್ಲಿ ಕೂತರೆ ಕೊಂಡಿಗಳು ನಾಲ್ಕಲ್ಲ, ಆರು. ಏಳರಲ್ಲಿ ಕೂತರೆ ಇಪ್ಪತ್ತೊಂದು. ಪ್ರತಿ ಕಂಪನಿಯೂ ಉಳಿದ ಪ್ರತಿಯೊಂದರ ಜತೆ ಜೋಡಿಯಾಗುವುದರಿಂದ ಲೆಕ್ಕ ಹೀಗೆ ಏರುತ್ತದೆ. ಅದಕ್ಕೇ ಕೆಲವೇ ಮಂದಿ ಸಾಕು, ನೂರಾರು ಕಂಪನಿಗಳು ಒಂದೇ ಬಲೆಯೊಳಗೆ ಬರುತ್ತವೆ.

ಕರಾವಳಿಯವರಿಗೆ ಇದು ಹೊಸತಲ್ಲ. ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಕೈಗೆ ಬಂದರೆ ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಸಮಿತಿ ಸದಸ್ಯರ ಹೆಸರು ಓದಿಯೇ ಊರಲ್ಲಿ ಯಾರ ಮಾತು ನಡೆಯುತ್ತದೆ ಎಂದು ಹೇಳಬಲ್ಲವರು ನಾವು. ದೇವಸ್ಥಾನದ ಮೊಕ್ತೇಸರರೇ ಶಾಲೆಯ ಸಂಚಾಲಕರು, ಅವರೇ ಸೊಸೈಟಿಯ ನಿರ್ದೇಶಕರು. ಇದರಿಂದ ಊರಿಗೆ ಒಳ್ಳೆಯದೂ ಆಗಿದೆ: ಶಾಲೆಗೆ ಕಟ್ಟಡ ಬೇಕೆಂದರೆ ಸೊಸೈಟಿಯ ಸಾಲ ಬೇಗ ಸಿಗುತ್ತದೆ, ಏಕೆಂದರೆ ಕೇಳುವವರೂ ಕೊಡುವವರೂ ಪರಿಚಿತರು. ಸಾಲ ಮರಳದಿದ್ದಾಗ ಗಟ್ಟಿಯಾಗಿ ಕೇಳುವವರಿಲ್ಲದೆ ಹೋಗುವುದೂ ಇದೇ ಕಾರಣಕ್ಕೆ. ಕಂಪನಿಗಳ ಬೋರ್ಡು ನಡೆಯುವ ರೀತಿಯೂ ಬೇರೆಯಲ್ಲ, ಮೊತ್ತ ಮಾತ್ರ ದೊಡ್ಡದು.

ಈ ಕೊಂಡಿಗಳು ಮೂರು ಬಗೆಯವು. ಒಡೆತನದಿಂದ ಬರುವುದು ಮೊದಲನೆಯದು. ಒಎನ್‌ಜಿಸಿಗೆ ಮಂಗಳೂರಿನ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್‌ನಲ್ಲಿ ಶೇ 71.63, ಎಚ್‌ಪಿಸಿಎಲ್‌ಗೆ ಶೇ 16.96 ಪಾಲಿದೆ. ಹೀಗಾಗಿ ಒಎನ್‌ಜಿಸಿಯ ಅಧ್ಯಕ್ಷರೇ ಎಂಆರ್‌ಪಿಎಲ್ ಮಂಡಳಿಯನ್ನೂ ಅಧ್ಯಕ್ಷರಾಗಿ ನಡೆಸುವುದು ವಾಡಿಕೆ. ಸಾಲ ಕೊಟ್ಟ ಬ್ಯಾಂಕು ತನ್ನ ಹಣ ಕಾಯಲು ಕಳಿಸುವ ನಾಮನಿರ್ದೇಶಿತ ನಿರ್ದೇಶಕ ಎರಡನೆಯ ಬಗೆ. ಹೆಸರು, ಅನುಭವ, ಪರಿಚಯದ ಬಲದಿಂದ ಹಲವು ಬೋರ್ಡುಗಳಿಗೆ ಆಹ್ವಾನ ಬರುವ ಸ್ವತಂತ್ರ ನಿರ್ದೇಶಕರು ಮೂರನೆಯ ಬಗೆ: ನಿವೃತ್ತ ಅಧಿಕಾರಿಗಳು, ಬ್ಯಾಂಕರ್‌ಗಳು, ಪ್ರಾಧ್ಯಾಪಕರು, ಚಾರ್ಟರ್ಡ್ ಅಕೌಂಟೆಂಟರು. ಕಾನೂನು ಮೊದಲ ಬಗೆಯನ್ನು ಬಹಿರಂಗಪಡಿಸಲು ಹೇಳುತ್ತದೆ, ಅದರ ಮೇಲೆ ಕಣ್ಣಿಡುವ ಕೆಲಸವನ್ನು ಮೂರನೆಯ ಬಗೆಗೆ ಒಪ್ಪಿಸುತ್ತದೆ.

187 ಎಂಬ ಸಂಖ್ಯೆ ಎಲ್ಲಿಂದ ಬಂತು

ಎರಡೂ ಕಡೆ ಒಂದೇ ಪ್ರವರ್ತಕರಿದ್ದಾಗ, ಅಂದರೆ ಕಂಪನಿಯ ಹಿಡಿತ ಇಟ್ಟುಕೊಂಡ ಮುಖ್ಯ ಒಡೆಯರು ಒಬ್ಬರೇ ಆಗಿದ್ದಾಗ, ಬೆಲೆ ಕಟ್ಟುವವರು ಯಾರು? ಎಂಸಿಎಫ್‌ಗೆ ಬೆಲೆ ಕಡಿಮೆ ಕಟ್ಟಿದರೆ ಅದರ ಸಣ್ಣ ಷೇರುದಾರರಿಗೆ ನಷ್ಟ, ಹೆಚ್ಚು ಕಟ್ಟಿದರೆ ಪಾರಾದೀಪ್‌ನ ಸಣ್ಣ ಷೇರುದಾರರಿಗೆ. ಪ್ರವರ್ತಕರಿಗೆ ಒಂದು ಕೈಯಲ್ಲಿ ಹೋದದ್ದು ಇನ್ನೊಂದು ಕೈಗೆ ಬರಬಹುದು. ಈ ಇಕ್ಕಟ್ಟಿಗೆಂದೇ ಕಾನೂನು ಒಂದರ ಹಿಂದೆ ಒಂದು ಗೇಟು ಇಟ್ಟಿದೆ.

ನೋಂದಾಯಿತ ಮೌಲ್ಯಮಾಪಕರು ವಿನಿಮಯ ಅನುಪಾತ ಸೂಚಿಸಬೇಕು. ಅದು ನ್ಯಾಯವಾಗಿದೆಯೇ ಎಂದು ಮರ್ಚೆಂಟ್ ಬ್ಯಾಂಕರ್ ಪ್ರತ್ಯೇಕ ಅಭಿಪ್ರಾಯ ಕೊಡಬೇಕು. ಆಡಿಟ್ ಕಮಿಟಿ ಮತ್ತು ಸ್ವತಂತ್ರ ನಿರ್ದೇಶಕರ ಸಮಿತಿ ಬೇರೆ ಬೇರೆಯಾಗಿ ವರದಿ ಬರೆದು, ಸಣ್ಣ ಷೇರುದಾರರಿಗೆ ಇದರಿಂದ ಹಾನಿಯಿಲ್ಲ ಎಂದು ಕಾರಣ ಸಹಿತ ಹೇಳಬೇಕು. ಷೇರುಪೇಟೆಗಳ ಆಕ್ಷೇಪವಿಲ್ಲದ ಪತ್ರ ಸಿಕ್ಕಿದ ಮೇಲೆ ಕಂಪನಿ ಕಾನೂನು ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಟಿ, ಷೇರುದಾರರ ಸಭೆ ಕರೆಸುತ್ತದೆ. ಅಲ್ಲಿ ಮತ ಹಾಕಿದವರಲ್ಲಿ ತಲೆಲೆಕ್ಕದ ಬಹುಮತವೂ ಬೇಕು, ಷೇರಿನ ಮೌಲ್ಯದಲ್ಲಿ ನಾಲ್ಕನೇ ಮೂರು ಪಾಲೂ ಬೇಕು. ಪ್ರವರ್ತಕರ ನಂಟಿರುವ ವಿಲೀನವಾದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಇನ್ನೊಂದು ಗೇಟಿದೆ: ಸಾರ್ವಜನಿಕ ಷೇರುದಾರರ ಮತಗಳನ್ನು ಪ್ರತ್ಯೇಕ ಎಣಿಸಿ, ಅವುಗಳಲ್ಲಿ ಪರವಾದವು ವಿರೋಧಕ್ಕಿಂತ ಹೆಚ್ಚಿರಬೇಕು.

ಇದರಲ್ಲಿ ಕೊನೆಯ ಗೇಟೇ ಗಟ್ಟಿಯಾದದ್ದು. ಮೌಲ್ಯಮಾಪಕರಿಗೂ ಮರ್ಚೆಂಟ್ ಬ್ಯಾಂಕರ್‌ಗೂ ಶುಲ್ಕ ಕೊಡುವುದು ಕಂಪನಿ. ಸ್ವತಂತ್ರ ನಿರ್ದೇಶಕರನ್ನು ಆರಿಸುವಾಗ ಪ್ರವರ್ತಕರ ಮತವೂ ಸೇರಿರುತ್ತದೆ. ಯಾರ ಋಣವೂ ಇಲ್ಲದೆ 'ಬೇಡ' ಎನ್ನಬಲ್ಲವರು ಸಾರ್ವಜನಿಕ ಷೇರುದಾರರು ಮಾತ್ರ. ಎರಡೂ ಮಂಡಳಿಗಳು 2024ರ ಫೆಬ್ರವರಿಯಲ್ಲಿ ಒಪ್ಪಿದ ವಿಲೀನ ಜಾರಿಗೆ ಬರುವಾಗ ಒಂದೂವರೆ ವರ್ಷ ದಾಟಿತ್ತು. ಇಷ್ಟು ಗೇಟು ದಾಟಲು ಅಷ್ಟು ಸಮಯ ಹಿಡಿಯುವುದು ಸಹಜವೇ.

ಊರಲ್ಲೇ ಕೂರುತ್ತಿದ್ದ ಮಂಡಳಿಗಳು

ಒಂದು ಕಾಲದಲ್ಲಿ ಕರಾವಳಿಯ ಹಣಕಾಸಿನ ತೀರ್ಮಾನಗಳೆಲ್ಲ ಕರಾವಳಿಯಲ್ಲೇ ಆಗುತ್ತಿದ್ದವು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಬ್ಯಾಂಕಿಗೂ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೂ ಅಡಿಪಾಯ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು. ನಿರ್ದೇಶಕರು ಊರಿನ ವಕೀಲರು, ವೈದ್ಯರು, ವ್ಯಾಪಾರಿಗಳು. ಠೇವಣಿ ಇಟ್ಟವನು ಅವರನ್ನು ರಥಬೀದಿಯಲ್ಲಿ ನಿಲ್ಲಿಸಿ ಮಾತಾಡಿಸಬಹುದಿತ್ತು. ಇದನ್ನು ಬರೀ ಚಂದದ ನೆನಪಾಗಿ ನೋಡಬಾರದು. ಜಾತಿ, ಕುಟುಂಬದ ನಂಟು ಆ ಮಂಡಳಿಗಳಲ್ಲೂ ಗಾಢವಾಗಿತ್ತು, ಬಡ ರೈತ, ಕೂಲಿಯವನಿಗೆ ಅಲ್ಲಿ ಕುರ್ಚಿ ಇರಲಿಲ್ಲ.

ರಾಷ್ಟ್ರೀಕರಣ 1969 ಮತ್ತು 1980ರಲ್ಲಿ ಈ ಕುರ್ಚಿಗಳನ್ನು ದಿಲ್ಲಿಯ ಕೈಗೆ ಕೊಟ್ಟಿತು. ಕಾರ್ಪೊರೇಷನ್ ಬ್ಯಾಂಕಿನ ಕೇಂದ್ರ ಕಚೇರಿ ಮಂಗಳೂರಿನ ಪಾಂಡೇಶ್ವರದಲ್ಲಿ, ಸಿಂಡಿಕೇಟಿನದು ಮಣಿಪಾಲದಲ್ಲಿ ಉಳಿದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬರೋಡಾದ ಜತೆ ಸೇರಿತು. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ, ಸಿಂಡಿಕೇಟ್ ಕೆನರಾಕ್ಕೂ ಸೇರಿದವು. ಇವುಗಳ ಪೈಕಿ ಮಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವುದು ಈಗ ಕರ್ಣಾಟಕ ಬ್ಯಾಂಕಿಗೆ ಮಾತ್ರ. ಶಾಖೆ, ನೌಕರರು, ಗ್ರಾಹಕರು ಇದ್ದಲ್ಲೇ ಇದ್ದರೂ ಮಂಡಳಿ ಹೋದಾಗ ಏನೇನು ಹೋಗುತ್ತದೆ ಎಂಬುದನ್ನು ಪಾಂಡೇಶ್ವರ ಮತ್ತು ಮಣಿಪಾಲ ಕಂಡಿವೆ.

'ಜಾಗತಿಕ ಗಣ್ಯರು' ನಿಜಕ್ಕೂ ಇದ್ದಾರೆಯೇ?

ಹಲವು ಬೋರ್ಡುಗಳಲ್ಲಿ ಕೂತ ಕೆಲವೇ ಮಂದಿ ಜಗತ್ತಿನ ಕಂಪನಿಗಳನ್ನೆಲ್ಲ ನಡೆಸುತ್ತಾರೆ ಎಂಬ ಮಾತಿದೆ. ಈ ಚರ್ಚೆಗೆ ನೂರು ವರ್ಷ ದಾಟಿದೆ. ಅಮೆರಿಕದ ಸಂಸತ್ತಿನ ಪೂಜೊ ಸಮಿತಿ 1913ರಲ್ಲಿ ಒಂದು ಲೆಕ್ಕ ಮುಂದಿಟ್ಟಿತು: ಮಾರ್ಗನ್ ಮತ್ತು ಅದರ ಜತೆಗಿನ ಕೆಲವು ಬ್ಯಾಂಕುಗಳ ಮಂದಿ 112 ಕಂಪನಿಗಳಲ್ಲಿ 341 ನಿರ್ದೇಶಕ ಸ್ಥಾನ ಹಿಡಿದಿದ್ದರು. ಮರುವರ್ಷ ಬಂದ ಕ್ಲೇಟನ್ ಕಾಯ್ದೆಯ 8ನೇ ಸೆಕ್ಷನ್, ಪರಸ್ಪರ ಸ್ಪರ್ಧಿಗಳಾದ ಕಂಪನಿಗಳಲ್ಲಿ ಒಬ್ಬನೇ ನಿರ್ದೇಶಕನಾಗುವುದನ್ನು ನಿಷೇಧಿಸಿತು. ಬಹುಕಾಲ ಮೂಲೆಯಲ್ಲಿದ್ದ ಆ ಸೆಕ್ಷನ್ನನ್ನು ಅಮೆರಿಕ 2022ರಿಂದ ಮತ್ತೆ ಬಳಸುತ್ತಿದೆ.

ಭಾರತದಲ್ಲಿ ಹಲವು ಕಂಪನಿಗಳನ್ನು ಒಂದೇ ಕೈಗೆ ಜೋಡಿಸುತ್ತಿದ್ದದ್ದು ಮ್ಯಾನೇಜಿಂಗ್ ಏಜೆನ್ಸಿ ಪದ್ಧತಿ. ಒಂದು ಏಜೆನ್ಸಿ ಸಂಸ್ಥೆ ಹತ್ತಾರು ಕಂಪನಿಗಳನ್ನು ಒಪ್ಪಂದದ ಮೇಲೆ ನಡೆಸುತ್ತಿತ್ತು. 1970ರ ಏಪ್ರಿಲ್ 3ರಂದು ಅದನ್ನು ರದ್ದು ಮಾಡಲಾಯಿತು. ಪದ್ಧತಿ ಹೋಯಿತು, ಸಮೂಹಗಳು ಉಳಿದವು. ಏಜೆನ್ಸಿಯ ಜಾಗಕ್ಕೆ, ಉಳಿದವುಗಳ ಷೇರು ಹಿಡಿದ ಹೋಲ್ಡಿಂಗ್ ಕಂಪನಿ ಮತ್ತು ಹಲವು ಬೋರ್ಡುಗಳಲ್ಲಿ ಕೂರುವ ಒಂದೇ ನಿರ್ದೇಶಕರು ಬಂದರು.

ಜಾಗತಿಕ ಮಟ್ಟದಲ್ಲಿ ಹೆಚ್ಚು ಉಲ್ಲೇಖವಾಗುವುದು ಜೂರಿಕ್‌ನ ಇಟಿಎಚ್ ಸಂಶೋಧಕರ 2011ರ ಅಧ್ಯಯನ. 43,060 ಬಹುರಾಷ್ಟ್ರೀಯ ಕಂಪನಿಗಳ ಷೇರು ಒಡೆತನವನ್ನು ಜೋಡಿಸಿ ನೋಡಿದಾಗ, ಒಬ್ಬರನ್ನೊಬ್ಬರು ಹಿಡಿದುಕೊಂಡಿರುವ 147 ಸಂಸ್ಥೆಗಳ ಕೈಯಲ್ಲಿ ಒಟ್ಟು ಮೌಲ್ಯದ ಸುಮಾರು ಶೇ 40ರ ನಿಯಂತ್ರಣ ಕಂಡಿತು. ಅವುಗಳಲ್ಲಿ ಮುಕ್ಕಾಲು ಭಾಗ ಹಣಕಾಸು ಸಂಸ್ಥೆಗಳು. ಇದನ್ನು ಗುಪ್ತ ಸರಕಾರದ ಸಾಕ್ಷಿ ಎಂದು ಹರಿದಾಡಿಸುವವರಿದ್ದಾರೆ. ಅಧ್ಯಯನ ಹಾಗೆ ಹೇಳುವುದಿಲ್ಲ. ಬಳಸಿದ್ದು 2007ರ ಅಂಕಿಅಂಶ, ಆ ಪಟ್ಟಿಯಲ್ಲಿ ಮರುವರ್ಷವೇ ಮುಳುಗಿದ ಅಮೆರಿಕದ ಬ್ಯಾಂಕ್ ಲೀಮನ್ ಬ್ರದರ್ಸ್ ಕೂಡ ಇತ್ತು. ಗ್ರಾಹಕರ ಪರವಾಗಿ ಷೇರು ಇಟ್ಟುಕೊಂಡ ಫಂಡ್ ಸಂಸ್ಥೆ ಆ ಕಂಪನಿಯನ್ನು ನಿಯಂತ್ರಿಸುತ್ತದೆ ಎನ್ನಬಹುದೇ ಎಂಬ ಆಕ್ಷೇಪವೂ ಗಟ್ಟಿಯಾದದ್ದೇ.

ವಾದಗಳು ಇಲ್ಲಿ ಮೂರು ದಿಕ್ಕಿಗೆ ಹೋಗುತ್ತವೆ. ಒಂದು ಗುಂಪಿನ ಪ್ರಕಾರ ಬೋರ್ಡುಗಳ ಜಾಲವು ಶ್ರೀಮಂತ ವರ್ಗವನ್ನು ಒಂದು ವರ್ಗವಾಗಿ ಹಿಡಿದಿಡುವ ಹಗ್ಗ: ತೆರಿಗೆ, ಕಾರ್ಮಿಕ ಕಾನೂನು, ವ್ಯಾಪಾರ ನೀತಿಯ ಬಗ್ಗೆ ಒಂದೇ ಅಭಿಪ್ರಾಯ ಅಲ್ಲಿ ರೂಪುಗೊಳ್ಳುತ್ತದೆ. ಎರಡನೆಯವರು ಇದನ್ನು ಮಾಹಿತಿ ಹರಿಯುವ ಕಾಲುವೆ ಎನ್ನುತ್ತಾರೆ. ಸ್ವಾಧೀನ ತಡೆಯುವ 'ಪಾಯ್ಸನ್ ಪಿಲ್' ಉಪಾಯ 1980ರ ದಶಕದಲ್ಲಿ ಅಮೆರಿಕದ ಕಂಪನಿಯಿಂದ ಕಂಪನಿಗೆ ಹಬ್ಬಿದ್ದು ಎರಡೂ ಕಡೆ ಕೂರುವ ನಿರ್ದೇಶಕರ ಮೂಲಕವೇ. ಇದೇ ದಾರಿಯಲ್ಲಿ ಒಳ್ಳೆಯ ಪದ್ಧತಿಗಳೂ ಹಬ್ಬುತ್ತವೆ. ಮೂರನೆಯವರು ಕುರ್ಚಿಗಳ ಕಾಲವೇ ಮುಗಿಯುತ್ತಿದೆ ಎನ್ನುತ್ತಾರೆ: 2000ದ ನಂತರ ಅಮೆರಿಕದಲ್ಲಿ ಬೋರ್ಡುಗಳ ನಡುವಿನ ಕೊಂಡಿ ಸಡಿಲವಾಗಿದೆ, ಬದಲಿಗೆ ಬ್ಲ್ಯಾಕ್‌ರಾಕ್, ವ್ಯಾನ್‌ಗಾರ್ಡ್, ಸ್ಟೇಟ್ ಸ್ಟ್ರೀಟ್ ಎಂಬ ಮೂರು ಫಂಡ್ ಸಂಸ್ಥೆಗಳ ಪಾಲು ಕೂಡಿಸಿದರೆ ಅಲ್ಲಿನ 500 ಪ್ರಮುಖ ಕಂಪನಿಗಳ ಪೈಕಿ ಸುಮಾರು ಶೇ 88ರಲ್ಲಿ ಅದೇ ಅತಿ ದೊಡ್ಡ ಪಾಲು.

ನಮ್ಮ ಮಟ್ಟಿಗೆ ಮೂರನೆಯ ವಾದ ಅಷ್ಟಾಗಿ ಹೊಂದುವುದಿಲ್ಲ. ಭಾರತದ ಕಂಪನಿಗಳಲ್ಲಿ ಗಂಟು ಇರುವುದು ಪ್ರವರ್ತಕರ ಬಳಿ. ಜಾಗತಿಕ ಬಂಡವಾಳ ಇಲ್ಲಿಗೆ ಬರುವಾಗ ಒಬ್ಬ ದೇಶೀ ಪ್ರವರ್ತಕನ ಕೈಹಿಡಿದು, ಅರ್ಧರ್ಧ ಪಾಲಿನ ಕಂಪನಿ ಮಾಡಿಕೊಂಡು ಬರುತ್ತದೆ. ಜುವಾರಿ ಮಾರೋಕ್ ಇದರ ಅಚ್ಚುಕಟ್ಟಾದ ಮಾದರಿ. ಹಾಗಾಗಿ 'ಜಾಗತಿಕ ಗಣ್ಯರು' ಎಂದರೆ ದೂರದ ಯಾವುದೋ ಸಭಾಂಗಣದಲ್ಲಿ ಸೇರುವ ಗುಂಪನ್ನು ಊಹಿಸುವ ಬದಲು, ನಮ್ಮೂರ ಕಾರ್ಖಾನೆಯ ವಾರ್ಷಿಕ ವರದಿಯ ನಿರ್ದೇಶಕರ ಪಟ್ಟಿ ತೆರೆಯುವುದು ಹೆಚ್ಚು ಪ್ರಯೋಜನಕಾರಿ.

ಕಾನೂನು ಹಾಕಿದ ಬೇಲಿ

ಕಂಪನಿ ಕಾಯ್ದೆ 2013ರ ಪ್ರಕಾರ ಒಬ್ಬರು ಗರಿಷ್ಠ 20 ಕಂಪನಿಗಳಲ್ಲಿ ನಿರ್ದೇಶಕರಾಗಬಹುದು, ಅದರಲ್ಲಿ ಸಾರ್ವಜನಿಕ ಕಂಪನಿಗಳು 10 ಮೀರಬಾರದು. ಷೇರುಪೇಟೆಯ ಕಂಪನಿಗಳಿಗೆ ಸೆಬಿ ಇನ್ನೂ ಬಿಗಿ ಮಾಡಿದೆ: 2020ರ ಏಪ್ರಿಲ್‌ನಿಂದ ಏಳಕ್ಕಿಂತ ಹೆಚ್ಚಿಲ್ಲ. ಎಲ್ಲಾದರೂ ಪೂರ್ಣಾವಧಿ ನಿರ್ದೇಶಕರಾಗಿದ್ದವರು ಬೇರೆ ಮೂರು ಲಿಸ್ಟೆಡ್ ಕಂಪನಿಗಳಲ್ಲಿ ಮಾತ್ರ ಸ್ವತಂತ್ರ ನಿರ್ದೇಶಕರಾಗಬಹುದು. ಸ್ವತಂತ್ರ ನಿರ್ದೇಶಕರಿಗೆ ತಲಾ ಐದು ವರ್ಷದ ಎರಡು ಅವಧಿ, ಅದಾದ ಮೇಲೆ ಮೂರು ವರ್ಷದ ಬಿಡುವು ಕಡ್ಡಾಯ. ಪ್ರತಿ ಸಭೆಗೆ ಶುಲ್ಕ ಗರಿಷ್ಠ ಒಂದು ಲಕ್ಷ ರೂಪಾಯಿ. ಸ್ಟಾಕ್ ಆಪ್ಷನ್ ಕೊಡುವಂತಿಲ್ಲ.

ಬ್ಯಾಂಕುಗಳ ಬೇಲಿ ಬೇರೆ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಪ್ರಕಾರ ಒಂದು ಬ್ಯಾಂಕಿನ ನಿರ್ದೇಶಕ ಇನ್ನೊಂದು ಬ್ಯಾಂಕಿನ ಮಂಡಳಿಯಲ್ಲಿ ಕೂರುವಂತಿಲ್ಲ. 2025ರ ತಿದ್ದುಪಡಿ ಇಲ್ಲೊಂದು ಸಂದು ಬಿಟ್ಟಿದೆ: ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ನಿರ್ದೇಶಕರು ರಾಜ್ಯ ಸಹಕಾರಿ ಬ್ಯಾಂಕಿನ ಮಂಡಳಿಗೂ ಆಯ್ಕೆಯಾಗಬಹುದು, ಸಹಕಾರಿ ಬ್ಯಾಂಕಿನ ನಿರ್ದೇಶಕರ ನಿರಂತರ ಅವಧಿಯ ಮಿತಿ ಎಂಟರಿಂದ ಹತ್ತು ವರ್ಷಕ್ಕೆ ಏರಿದೆ. ಸೊಸೈಟಿಗಳು ದಟ್ಟವಾಗಿರುವ ನಮ್ಮ ಎರಡು ಜಿಲ್ಲೆಗಳಲ್ಲಿ ಇದರ ಪರಿಣಾಮ ಮುಂದಿನ ಚುನಾವಣೆಗಳಲ್ಲೇ ಕಾಣಲಿದೆ.

ಕ್ಲೇಟನ್ ಕಾಯ್ದೆಯಂಥ ನೇರ ನಿಷೇಧ ಭಾರತದಲ್ಲಿಲ್ಲ. ಸ್ಪರ್ಧಾ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ 'ಗಣನೀಯ ಪ್ರಭಾವ'ವನ್ನೂ ನಿಯಂತ್ರಣವೆಂದೇ ಪರಿಗಣಿಸುತ್ತದೆ. ಇದು ಸ್ವಾಧೀನದ ಹೊತ್ತಿಗೆ ಅನ್ವಯಿಸುವ ಮಾತು. ಇಬ್ಬರು ಸ್ಪರ್ಧಿಗಳ ಮಂಡಳಿಯಲ್ಲಿ ಒಬ್ಬರೇ ಕೂತರೆ ಅಷ್ಟಕ್ಕೇ ಅಪರಾಧವಾಗುವುದಿಲ್ಲ.

ಬೇಲಿ ಕೈಕೊಟ್ಟಾಗ

ಎಣಿಕೆಯ ಮಿತಿ ಹಾಕುವುದು ಸುಲಭ, ಸ್ವತಂತ್ರ ಮನಸ್ಸನ್ನು ಅಳೆಯುವುದು ಕಷ್ಟ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಮಂಡಳಿಯಲ್ಲಿ ಮಾಜಿ ಸಂಪುಟ ಕಾರ್ಯದರ್ಶಿ, ಹಾರ್ವರ್ಡ್ ಪ್ರಾಧ್ಯಾಪಕ ಎಲ್ಲರೂ ಇದ್ದರು. 2008ರ ಡಿಸೆಂಬರ್ 16ರಂದು ಅದೇ ಮಂಡಳಿ, ಪ್ರವರ್ತಕರ ಕುಟುಂಬದ ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ತಡೆದದ್ದು ಹೂಡಿಕೆದಾರರ ಸಿಟ್ಟು. ಮೂರೇ ವಾರದಲ್ಲಿ, 2009ರ ಜನವರಿ 7ರಂದು, ಲೆಕ್ಕಪತ್ರವೇ ಸುಳ್ಳು ಎಂಬ ತಪ್ಪೊಪ್ಪಿಗೆ ಬಂತು.

ಉಡುಪಿಗೆ ಇನ್ನೂ ಹತ್ತಿರದ ಪಾಠ ಎನ್‌ಎಂಸಿ ಹೆಲ್ತ್. ಉಡುಪಿ ಮೂಲದ ಬಿ.ಆರ್. ಶೆಟ್ಟಿ 1975ರಲ್ಲಿ ಅಬುಧಾಬಿಯಲ್ಲಿ ಆರಂಭಿಸಿದ ಆಸ್ಪತ್ರೆ ಸಮೂಹ 2012ರಲ್ಲಿ ಲಂಡನ್ ಷೇರುಪೇಟೆ ಸೇರಿತು, 2017ರಲ್ಲಿ ಅಲ್ಲಿನ ಅಗ್ರ 100ರ ಸೂಚ್ಯಂಕಕ್ಕೆ ಏರಿತು. ಬ್ರಿಟನ್ನಿನ ಆಡಳಿತ ಸಂಹಿತೆ ಅಧ್ಯಕ್ಷರನ್ನು ಬಿಟ್ಟು ಕನಿಷ್ಠ ಅರ್ಧ ಮಂಡಳಿ ಸ್ವತಂತ್ರವಾಗಿರಬೇಕು ಎನ್ನುತ್ತದೆ. ಆದರೂ 2019ರ ಡಿಸೆಂಬರ್‌ನಲ್ಲಿ ಮಡ್ಡಿ ವಾಟರ್ಸ್ ಎಂಬ ಹೂಡಿಕೆ ಸಂಸ್ಥೆ ಲೆಕ್ಕಗಳನ್ನು ಪ್ರಶ್ನಿಸುವವರೆಗೆ ದೊಡ್ಡ ಸಾಲ ಹೊರಬರಲಿಲ್ಲ. ಸುಮಾರು 210 ಕೋಟಿ ಡಾಲರ್ ಎಂದು ತೋರಿಸಿದ್ದ ಸಾಲ 2020ರ ಮಾರ್ಚ್ ಹೊತ್ತಿಗೆ 660 ಕೋಟಿ ಡಾಲರ್ ಎಂದಾಯಿತು, ಏಪ್ರಿಲ್‌ನಲ್ಲಿ ಕಂಪನಿ ಆಡಳಿತಾಧಿಕಾರಿಗಳ ಕೈ ಸೇರಿತು. ತಾವೇ ವಂಚನೆಗೆ ಒಳಗಾದವರು ಎಂಬುದು ಶೆಟ್ಟಿಯವರ ವಾದ. ಯಾರು ಹೊಣೆ ಎಂಬುದು ನ್ಯಾಯಾಲಯಗಳ ವಿಷಯ. ಪ್ರಮುಖ ಷೇರುದಾರರ ಖಾಸಗಿ ಸಾಲ, ಅಡಮಾನ, ಇತರ ಕಂಪನಿಗಳ ನಂಟು ಸ್ಪಷ್ಟವಾಗಿ ಕಾಣದಿದ್ದರೆ ಲಂಡನ್ನಿನ ಸ್ವತಂತ್ರ ನಿರ್ದೇಶಕರಿಗೂ ಕಣ್ಣು ಕಟ್ಟಿದಂತೆಯೇ. ಆ ಕುಸಿತದ ಅಲೆ ಊರಿಗೂ ಬಡಿಯಿತು: ಶೆಟ್ಟಿ ಸಮೂಹ ನಡೆಸುತ್ತಿದ್ದ ಉಡುಪಿಯ ತಾಯಿ-ಮಕ್ಕಳ ಆಸ್ಪತ್ರೆಯ ಸಿಬ್ಬಂದಿ ಸಂಬಳಕ್ಕಾಗಿ ಮುಷ್ಕರ ಕೂರಬೇಕಾಯಿತು, ಕೊನೆಗೆ ಆಸ್ಪತ್ರೆ ಸರಕಾರದ ಕೈಗೆ ಮರಳಿತು.

ಎಂಆರ್‌ಪಿಎಲ್‌ನ ಸಮಸ್ಯೆ ಬೇರೆಯೇ ಬಗೆಯದು, ಅಲ್ಲಿ ಕುರ್ಚಿಯೇ ಖಾಲಿ ಬಿದ್ದಿತ್ತು. ಐಒಸಿ, ಒಎನ್‌ಜಿಸಿ, ಗೇಲ್ ಜತೆ ಎಂಆರ್‌ಪಿಎಲ್‌ಗೂ ಸಾಕಷ್ಟು ಸ್ವತಂತ್ರ ನಿರ್ದೇಶಕರಿಲ್ಲವೆಂದು ಷೇರುಪೇಟೆಗಳು 2023ರಿಂದೀಚೆಗೆ ದಂಡ ಹಾಕಿವೆ. ದರ ದಿನಕ್ಕೆ 5,000 ರೂಪಾಯಿ. 91 ದಿನದ ತ್ರೈಮಾಸಿಕಕ್ಕೆ 4.55 ಲಕ್ಷ, ಶೇ 18 ಜಿಎಸ್‌ಟಿ ಸೇರಿಸಿದರೆ 5,36,900 ರೂಪಾಯಿ. ನೇಮಕ ನಮ್ಮ ಕೈಯಲ್ಲಿಲ್ಲ, ಸರಕಾರವೇ ಮಾಡಬೇಕು ಎಂದು ಕಂಪನಿಗಳು ಉತ್ತರಿಸುತ್ತವೆ. ಮಾತು ನಿಜ. ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸಬಲ್ಲ ಕಂಪನಿಗೆ ಈ ದಂಡ ತಾಗುವುದೇ ಇಲ್ಲ, ತಪ್ಪಿದ ಸರಕಾರಕ್ಕಂತೂ ದಂಡವೇ ಇಲ್ಲ. ಇದರಲ್ಲಿ ಎಂಆರ್‌ಪಿಎಲ್‌ನ ಸಣ್ಣ ಷೇರುದಾರನ ಪರವಾಗಿ ಕೇಳುವವರು ಯಾರು?

ಪಣಂಬೂರಿಗೆ ಇನ್ನು ಏನಾಗಬಹುದು

ರೈತನಿಗೆ ಯೂರಿಯಾ ಬೆಲೆ ಇದರಿಂದ ಬದಲಾಗದು. 45 ಕಿಲೋ ಚೀಲಕ್ಕೆ ತೆರಿಗೆ, ಬೇವಿನ ಲೇಪನದ ವೆಚ್ಚ ಬಿಟ್ಟು 242 ರೂಪಾಯಿ ಎಂದು ನಿಗದಿ ಮಾಡಿರುವುದು ಕೇಂದ್ರ ಸರಕಾರ. ನೋಂದಾಯಿತ ಕಚೇರಿ ಮಂಗಳೂರಿನಿಂದ ಹೋಯಿತು ಎಂಬ ಕೊರಗೂ ಸರಿಯಲ್ಲ. ಅದು ಹಿಂದೆ ಇದ್ದದ್ದು ಬೆಂಗಳೂರಿನ ಯುಬಿ ಟವರ್‌ನಲ್ಲಿ, ಪಾರಾದೀಪ್‌ನದು ಭುವನೇಶ್ವರದಲ್ಲಿದೆ.

ಬದಲಾಗುವುದು ಸರದಿ. ಎಂಸಿಎಫ್ ಮಂಡಳಿಗೆ ಪಣಂಬೂರೇ ಸರ್ವಸ್ವವಾಗಿತ್ತು, ಯಂತ್ರ ಹಳತಾದರೆ ಅದೇ ಮೊದಲ ಚರ್ಚೆ. ಈಗಿನ ಮಂಡಳಿಯ ಮುಂದೆ ಪಾರಾದೀಪ್, ಗೋವಾ, ಪಣಂಬೂರಿನ ಮೂರೂ ಕಾರ್ಖಾನೆಗಳು ಸಾಲಿನಲ್ಲಿ ನಿಲ್ಲುತ್ತವೆ. ದೊಡ್ಡ ಕಂಪನಿಗೆ ಸಾಲ ಅಗ್ಗವಾಗಿ ಸಿಗುತ್ತದೆ, ಕಚ್ಚಾವಸ್ತುವಿನಲ್ಲಿ ಚೌಕಾಸಿಯ ಬಲ ಹೆಚ್ಚುತ್ತದೆ, ಪಣಂಬೂರಿಗೆ ಅದರಿಂದ ಲಾಭವಾಗಲೂಬಹುದು. ಕಂಪನಿ ಸಮಾಜಕ್ಕಾಗಿ ಖರ್ಚು ಮಾಡಬೇಕಾದ ಸಿಎಸ್‌ಆರ್ ಹಣದ ಲೆಕ್ಕವೂ ಹಾಗೆಯೇ. ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಖರ್ಚು ಮಾಡುವಾಗ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿ ಎನ್ನುತ್ತದೆ ಕಾಯ್ದೆ. ಈಗ 'ಸ್ಥಳೀಯ' ಎಂದರೆ ಮೂರು ರಾಜ್ಯ.

ಕಚ್ಚಾವಸ್ತುವಿನ ಬೆಲೆ ಇದಕ್ಕಿಂತ ಸೂಕ್ಷ್ಮ. ಒಸಿಪಿ ಈ ಕಂಪನಿಯ ಪ್ರವರ್ತಕರಲ್ಲಿ ಒಂದು, ಫಾಸ್ಫೇಟ್ ಶಿಲೆ ಮಾರುವ ವ್ಯಾಪಾರಿಯೂ ಹೌದು. ವಿಲೀನಕ್ಕೆ ಮೊದಲು ಜುವಾರಿ ಮಾರೋಕ್‌ಗೆ ಪಾರಾದೀಪ್‌ನಲ್ಲಿ ಸುಮಾರು ಶೇ 56 ಪಾಲಿತ್ತು, ಅದರ ಅರ್ಧ ಸುಮಾರು ಶೇ 28. ಇಂಥ ಪಾಲಿನ ಮಾರಾಟಗಾರನಿಗೆ ಕಂಪನಿ ಶಿಲೆಗೆ 100 ರೂಪಾಯಿ ಹೆಚ್ಚು ಕೊಟ್ಟರೆ ಕೈಗೆ 100 ಬರುತ್ತದೆ, ಷೇರುದಾರನಾಗಿ ತಟ್ಟುವ ನಷ್ಟ 28 ಮಾತ್ರ. ಉಳಿದ 72 ಬೇರೆಯವರ ತಲೆಗೆ. ಹಾಗೆ ನಡೆದಿದೆ ಎಂದು ಹೇಳುತ್ತಿಲ್ಲ. ನಡೆಯಬಾರದು ಎಂದೇ ಪ್ರವರ್ತಕರಂಥ ನಂಟಿನವರ ಜತೆಗಿನ ದೊಡ್ಡ ಮೊತ್ತದ ವ್ಯವಹಾರಗಳಿಗೆ ಆಡಿಟ್ ಕಮಿಟಿಯ ಒಪ್ಪಿಗೆ, ಆಮೇಲೆ ಷೇರುದಾರರ ಒಪ್ಪಿಗೆ ಬೇಕು ಎಂಬ ನಿಯಮವಿದೆ. ಆ ಮತದಾನದಲ್ಲಿ ಸಂಬಂಧಿತ ಪಕ್ಷಗಳು ಪರವಾಗಿ ಮತ ಹಾಕುವಂತಿಲ್ಲ. ಅಂದರೆ ಅಲ್ಲಿ ತೀರ್ಪು ಕೊಡುವವರು ಹೊರಗಿನ ಷೇರುದಾರರೇ.

ನೋಟಿಸ್ ಬಂದಾಗ ಓದುವ ಬಗೆ

ವಾರ್ಷಿಕ ಸಭೆಯ ನೋಟಿಸ್ ಇಪ್ಪತ್ತೊಂದು ದಿನ ಮೊದಲು ಇಮೇಲ್‌ಗೆ ಬರುತ್ತದೆ. ನಿರ್ಣಯಗಳ ಪಟ್ಟಿಗಿಂತ ಅದರ ಹಿಂದಿರುವ ವಿವರಣಾ ಟಿಪ್ಪಣಿ ಮುಖ್ಯ. ಸ್ವತಂತ್ರ ನಿರ್ದೇಶಕರ ನೇಮಕ ಇದ್ದರೆ ವಾರ್ಷಿಕ ವರದಿಯ ಕಾರ್ಪೊರೇಟ್ ಆಡಳಿತ ಅಧ್ಯಾಯಕ್ಕೆ ಹೋಗಿ. ಪ್ರತಿ ನಿರ್ದೇಶಕರು ಎಷ್ಟು ಸಭೆಗೆ ಹಾಜರಾದರು, ಇನ್ನೆಲ್ಲಿ ನಿರ್ದೇಶಕರು, ಎಷ್ಟು ಸಮಿತಿಗಳಲ್ಲಿದ್ದಾರೆ ಎಂಬ ಕೋಷ್ಟಕ ಅಲ್ಲಿರುತ್ತದೆ. ಹೆಸರಿನಿಂದ ಹುಡುಕಿದರೆ ಎಡವುತ್ತೀರಿ. ಒಂದೇ ಹೆಸರಿನ ಶೆಟ್ಟಿ, ಪೈ, ರಾವ್, ಭಟ್ ಹತ್ತಾರು ಮಂದಿ. ಪ್ರತಿ ನಿರ್ದೇಶಕರಿಗೂ ಡಿನ್ ಎಂಬ ಎಂಟಂಕಿಯ ಸಂಖ್ಯೆ ಇದೆ, ಅದನ್ನು ಹಿಡಿದು ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲ್‌ನಲ್ಲಿ ತಾಳೆ ನೋಡಿ. ಟ್ರಸ್ಟ್, ಸಂಘ, ಸೊಸೈಟಿಗಳ ಹುದ್ದೆ ಅಲ್ಲಿ ಸಿಗುವುದಿಲ್ಲ ಎಂಬುದೂ ಗೊತ್ತಿರಲಿ.

ನೇಮಕ ವಿಶೇಷ ನಿರ್ಣಯವಾಗಿದ್ದರೆ ಚಲಾವಣೆಯಾದ ಮತದ ಶೇ 75 ಪರವಾಗಿರಬೇಕು. ಇ-ಮತದಾನ ಕನಿಷ್ಠ ಮೂರು ದಿನ ತೆರೆದಿರುತ್ತದೆ, ಡಿಮ್ಯಾಟ್ ಷೇರುಗಳ ದಾಖಲೆ ಇಡುವ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಮೂಲಕ ಮೊಬೈಲ್‌ನಲ್ಲೇ ಹಾಕಬಹುದು. ಮುಗಿದು ಎರಡು ಕೆಲಸದ ದಿನಗಳಲ್ಲಿ ಫಲಿತಾಂಶ ಷೇರುಪೇಟೆಯ ಜಾಲತಾಣಕ್ಕೆ ಬರಬೇಕು. ಅಲ್ಲಿ ಪ್ರವರ್ತಕರು, ಹೊರಗಿನ ಹೂಡಿಕೆ ಸಂಸ್ಥೆಗಳು, ಇತರ ಸಾರ್ವಜನಿಕರು ಎಂಬ ಮೂರು ಸಾಲುಗಳಿರುತ್ತವೆ. ಕೆಳಗಿನ ಎರಡು ಸಾಲನ್ನು ಮಾತ್ರ ನೋಡಿ. ನಿರ್ಣಯ ಗೆದ್ದಿದ್ದರೂ ಆ ಸಾಲುಗಳಲ್ಲಿ ವಿರೋಧ ದೊಡ್ಡದಿದ್ದರೆ ಹೊರಗಿನವರಿಗೆ ಏನೋ ಹಿಡಿಸಿಲ್ಲ ಎಂದರ್ಥ. ನಿಮ್ಮ ಹಣ ಮ್ಯೂಚುವಲ್ ಫಂಡ್‌ನಲ್ಲಿದ್ದರೆ ಆ ಫಂಡ್ ಹೇಗೆ ಮತ ಹಾಕಿತು ಎಂಬುದೂ ಅದರ ಜಾಲತಾಣದಲ್ಲಿ ಇರಲೇಬೇಕು. 2022ರ ಏಪ್ರಿಲ್‌ನಿಂದ ಫಂಡ್‌ಗಳು ಎಲ್ಲ ನಿರ್ಣಯಕ್ಕೂ ಮತ ಹಾಕುವುದು ಕಡ್ಡಾಯ.

ಪಾರಾದೀಪ್‌ನ ಮುಂದಿನ ವಾರ್ಷಿಕ ವರದಿ ಬಂದಾಗ ಕರಾವಳಿಯವರು ಮೊದಲು ತೆರೆಯಬೇಕಾದ ಪುಟಗಳು ಮೂರು: ಪಣಂಬೂರಿಗೆಂದು ಎತ್ತಿಟ್ಟ ಬಂಡವಾಳ ವೆಚ್ಚ, ಸಿಎಸ್‌ಆರ್ ಹಣದ ಜಿಲ್ಲಾವಾರು ಕೋಷ್ಟಕ, ಒಸಿಪಿ ಜತೆಗಿನ ಖರೀದಿಯ ಮೊತ್ತ.